ಮೂರನೇ ಡಬ್ಬಿಯ ಪಕ್ಕದ ರುಮಾಲಿನವ

ಗೋಪನಕೊಪ್ಪ

ಜಗತ್ತಿನಲ್ಲಿ ಮೊದಲ ರೈಲು ಓಡಿದ ದಿನ ಅದನ್ನು ನೋಡಲು ನೆರೆದ ಜನರಲ್ಲಿ ಹುಬ್ಬಳ್ಳಿಯವನೊಬ್ಬನಿದ್ದ ಎಂದು ನಮ್ಮ ಮನೆತನದಲ್ಲಿ ಹೇಳುತ್ತಾರೆ. ನಾನು ಇದನ್ನು ನಂಬುವುದಿಲ್ಲ. ಹುಬ್ಬಳ್ಳಿಯವರ ಮೇಲೆ ನನಗೆ ಅಸಡ್ಡೆಯೇನಿಲ್ಲ. ಎಲ್ಲಿ ಗದ್ದಲವಿದೆಯೋ ಅಲ್ಲಿ ಹುಬ್ಬಳ್ಳಿಯವರು ಇದ್ದೇ ಇರುತ್ತಾರೆ ಎಂಬುದು ಧಾರವಾಡದವರೂ ಒಪ್ಪುವ ಮಾತು. ತೊಂದರೆ ಬೇರೆಯದು. ಈ ಕತೆಗೆ ಸಾಕ್ಷಿಗಳು ಮೂವರು, ಮೂವರದೂ ಮೂರು ಹೇಳಿಕೆ. ನಮ್ಮ ಮುತ್ತಜ್ಜನ ಅಪ್ಪ ಧಾರವಾಡದ ಕಲೆಕ್ಟರ್ ಸಾಹೇಬರ ಕುದುರೆ ನೋಡಿಕೊಳ್ಳಲು ವಿಲಾಯತಿಗೆ ಹೋಗಿದ್ದ ಎಂದು ನನ್ನ ಅಪ್ಪ ಹೇಳುತ್ತಾರೆ. ಅಡಿಗೆ ಮಾಡಲು ಹೋಗಿದ್ದ ಎನ್ನುತ್ತಾಳೆ ದೊಡ್ಡ ಅತ್ತೆ. ಅಪ್ಪನ ತಮ್ಮ, ನನ್ನ ಕಾಕಾನ ಪ್ರಕಾರ, ಸಾಹೇಬರೇ ಇವನ ಬೆನ್ನು ಹತ್ತಿ ಹೋಗಿದ್ದರು. ಸಾಕ್ಷಿಗಳು ಹೀಗೆ ಮೂರು ದಿಕ್ಕಿಗೆ ಎಳೆದರೆ ಖಟ್ಲೆ ಏನಾಗುತ್ತದೆ ಎಂಬುದನ್ನು, ಕಾಲೇಜಿನ ಚರ್ಚಾಕೂಟದಲ್ಲಿ ವರ್ಷವರ್ಷವೂ ಢಾಲು ಗೆದ್ದು ಧಾರವಾಡದ ಸಪ್ತಾಪುರದ ಬಾಡಿಗೆ ಖೋಲಿಯಲ್ಲಿ ಸಾಲಾಗಿ ಇಟ್ಟುಕೊಂಡ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಕಾಕಾನ ಹತ್ತಿರ ಮುದ್ದೇಮಾಲು ಇತ್ತು. ಹುಬ್ಬಳ್ಳಿಯ ಗೋಪನಕೊಪ್ಪದ ಅವರ ಮನೆಯ ಪಡಸಾಲೆಯಲ್ಲಿ, ಗಡಿಯಾರಕ್ಕಿಂತ ಮೇಲೆ, ಒಂದು ಮೊಳ ಅಗಲದ ಚಿತ್ರ. ಉಕ್ಕಿನ ತಗಡಿನ ಮೇಲೆ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ್ದು. ಉದ್ದ ಹೊಗೆಕೊಳವೆಯ ಒಂದು ಕುಳ್ಳ ಎಂಜಿನ್, ಅದರ ಮುಂದೆ ಬಾವುಟ ಹಿಡಿದು ಕುದುರೆ ಮೇಲೆ ಹೊರಟವನೊಬ್ಬ, ಹಿಂದೆ ಚಕ್ಕಡಿಯಂಥ ಡಬ್ಬಿಗಳಲ್ಲಿ ಕಿಕ್ಕಿರಿದ ಜನ. ಇಕ್ಕೆಲದಲ್ಲೂ ಎತ್ತರದ ಕರಿ ಟೊಪ್ಪಿಗೆಯ ದೊರೆಗಳು. ಮೂರನೇ ಡಬ್ಬಿಯ ಪಕ್ಕದಲ್ಲಿ ಮಾತ್ರ ಒಬ್ಬ, ಕೆಂಪು-ಹಳದಿ ರುಮಾಲು ಸುತ್ತಿದವ. ಅವನೇ ನಮ್ಮ ಹಿರಿಯ.

ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಾಹೇಬನೊಬ್ಬ ದೇಶ ಬಿಟ್ಟು ಹೋಗುವಾಗ ಬಂಗಲೆಯ ಸಾಮಾನಿನ ಜೊತೆ ಬಿಟ್ಟುಹೋದ ಈ ಚಿತ್ರವನ್ನು ಎತ್ತಿಕೊಂಡು ಬಂದು, ಪ್ರತಿ ವರ್ಷ ಖಂಡೇಪೂಜೆಯ ದಿನ ಸುತ್ತಿಗೆ, ಪಾನಾ, ಸ್ಕ್ರೂ ಡ್ರೈವರುಗಳ ಜೊತೆ ಇದಕ್ಕೂ ಪೂಜೆ ಮಾಡುತ್ತಾರೆ. ಮನೆ ಬದಲಿಸುವಾಗ ಗಾಜು ಒಡೆಯಿತು. ಹೊಸ ಗಾಜು ಹಾಕಿಸಲಿಲ್ಲ. "ಗಾಜಿನ ಮ್ಯಾಲೆ ಕುಂಕುಮಾ ಹಚ್ಚಿದ್ರ ಎಂಜಿನ್ನಿಗೆ ಹೆಂಗ ಮುಟ್ಟಬೇಕು?" ಎಂಬುದು ಅವರ ವಾದ. ಎಂಜಿನ್ನಿನ ಹಣೆಗೊಂದು ಅರಿಸಿನ-ಕುಂಕುಮದ ಬೊಟ್ಟು, ಹಿರಿಯನ ರುಮಾಲಿಗೊಂದು ಬೊಟ್ಟು. ವರ್ಷವರ್ಷವೂ.

ಇದೆಲ್ಲ ಮನೆಯೊಳಗೆ ಇದ್ದಿದ್ದರೆ ನಾನು ಈ ಚಿತ್ರ ಹೊತ್ತು ಸಮುದ್ರ ದಾಟಬೇಕಿರಲಿಲ್ಲ. ನಿವೃತ್ತ ಕೆಲಸಗಾರರೆಲ್ಲ ಸೇರಿ ವರ್ಕ್‌ಶಾಪಿನ ನೆನಪಿನ ಪುಸ್ತಕವೊಂದನ್ನು ಅಚ್ಚು ಹಾಕಿಸಲು ಹೊರಟರು. ಮೊದಲ ಪುಟಕ್ಕೆ ಕಾಕಾನ ಚಿತ್ರ ಎಂದು ಠರಾವಾಯಿತು. ಕಾಕಾ ಅದರ ಕೆಳಗೆ ಹಾಕಬೇಕಾದ ಸಾಲನ್ನೂ ಬರೆದುಕೊಟ್ಟರು: 'ಜಗತ್ತಿನ ಪ್ರಥಮ ರೈಲು. ಮೂರನೇ ಡಬ್ಬಿಯ ಪಕ್ಕದಲ್ಲಿ ನಿಂತವರು ನಮ್ಮ ಹುಬ್ಬಳ್ಳಿಯವರು.'

ಪುಸ್ತಕದ ಉಸ್ತುವಾರಿ ಬಾಪೂರಾಯರದು. ಅವರು ಕಾಕಾನ ಮೇಲೆ ಜನ್ಮಪೂರ್ತಿ ಫೋರ್ಮನ್ ಆಗಿದ್ದವರು. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ಅವರು ಕಾಕಾನ ಪಡಸಾಲೆಯಲ್ಲೇ ಕೂತು, ಕಾಕಾನ ಚಹಾ ಕುಡಿಯುತ್ತ ಹೇಳಿದರು:

"ರುಮಾಲ ಸುತ್ತಿದಾಂವೆಲ್ಲಾ ನಿಮ್ಮ ಮುತ್ಯಾನ ಆದ್ರ, ಲಗ್ನದ ಮೆರವಣಗಿ ತುಂಬ ನಿಮ್ಮ ಮಂದೀನ ಹೊಂಟಿರತಾರಲ್ಲೋ!"

"ಫೋಟೋ ಐತ್ರಿ, ಫೋಟೋ! ಫೋಟೋ ಸುಳ್ಳ ಹೇಳತೈತೇನ್ರಿ?" ಎಂದರು ಕಾಕಾ.

ಇಲ್ಲಿ ನಾನು ಸುಮ್ಮನಿರಬೇಕಿತ್ತು. "ಕಾಕಾ, ಅದು ಫೋಟೋ ಅಲ್ಲರಿ. ಆ ರೈಲು ಓಡಿದಾಗ ಫೋಟೋ ತೆಗೆಯೂದ ಯಾರಿಗೂ ಗೊತ್ತಿರಲಿಲ್ಲ."

"ಏ ಸುಮಿ, ನೀ ಯಾರ ಕಡೆಯಾಕಿ?"

"ಖರೇದರ ಕಡೆಯಾಕಿ."

"ಹಂಗಾರ ನಿನಗ ಚಾ ಇಲ್ಲ," ಎಂದು ನನ್ನ ಬಶಿಯನ್ನು ತಮ್ಮ ಕಡೆ ಎಳೆದುಕೊಂಡರು.

ಬಾಪೂರಾಯರು ಕಡೆಗೊಂದು ಷರತ್ತು ಹಾಕಿದರು. ಆ ರೈಲು ಹುಟ್ಟಿದ ಊರಿನಿಂದ ಒಂದು ಪತ್ರ ತರಿಸಬೇಕು. ತಂದರೆ ಸಾಲು ಹಾಗೇ ಅಚ್ಚಾಗುತ್ತದೆ. ತರದಿದ್ದರೆ ಚಿತ್ರದ ಕೆಳಗೆ 'ಇದು ಕಾಲ್ಪನಿಕ' ಎಂದು ಅಚ್ಚಾಗುತ್ತದೆ, ಮತ್ತು ಆ ಪುಸ್ತಕ ವರ್ಕ್‌ಶಾಪಿನ ಪ್ರತಿಯೊಬ್ಬನ ಮನೆಗೂ ಹೋಗುತ್ತದೆ. ನೌಕರಿ ಮಾಡಿದಷ್ಟು ಕಾಲ ಬಾಪೂರಾಯರ ಎದುರು ಕೊನೆಯ ಮಾತು ತನ್ನದಾಗದ ಕಾಕಾನಿಗೆ ಇದು ಚಿತ್ರದ ಪ್ರಶ್ನೆಯಾಗಿ ಉಳಿಯಲಿಲ್ಲ.

ಅದೇ ತಿಂಗಳು ನಾನು ಇಂಗ್ಲೆಂಡಿನ ಉತ್ತರ ಭಾಗದ ನಗರವೊಂದರಲ್ಲಿ ನಡೆಯುವ ವಿದ್ಯಾರ್ಥಿಗಳ ಚರ್ಚಾಸ್ಪರ್ಧೆಗೆ ಆಯ್ಕೆಯಾಗಿದ್ದೆ. ಆ ರೈಲಿನ ಊರು ಅಲ್ಲಿಂದ ಒಂದು ಗಂಟೆಯ ಹಾದಿ. ಕಾಕಾ ಒಂದು ಸಂಜೆ ಧಾರವಾಡಕ್ಕೇ ಬಂದು, ಚಿತ್ರವನ್ನು ಕೌದಿಯಲ್ಲಿ ಸುತ್ತಿ, ಹುರಿ ಬಿಗಿದು, ನನ್ನ ಕೈಗಿಟ್ಟರು.

"ಕಾಕಾ, ಮದಲ ಹೇಳತೇನಿ. ಅಲ್ಲಿ ಏನ ತಿಳೀತೈತೋ ಅದನ್ನ ಬಂದ ಹೇಳಾಕಿ ನಾ."

"ಹೇಳು," ಎಂದರು. ವಾದ ಮಾಡಲಿಲ್ಲ. ನನಗೆ ಅಷ್ಟು ಸರಾಗ ಗೆಲುವು ರುಚಿಸುವುದಿಲ್ಲ.

ಬಂದರಿನ ಕಟ್ಟೆ

ಹಡಗಿನ ವಿಷಯ ಬರೆಯುವುದಿಲ್ಲ. ಬರೆದವರೆಲ್ಲ ಸಮುದ್ರ ನೀಲಿ ಎಂದು ಬರೆದಿದ್ದಾರೆ. ನಾನು ಕಂಡದ್ದು ಹೆಚ್ಚಾಗಿ ಬಕೇಟು.

ಇಂಗ್ಲೆಂಡಿನಲ್ಲಿ ಇಳಿದ ಕೂಡಲೇ ಸುಂಕದ ಅಧಿಕಾರಿಯೊಬ್ಬ ಕೌದಿ ಬಿಚ್ಚಿಸಿದ. ಒಳಗೆ ಕೆಂಪು ಬಣ್ಣ ಕಂಡು ಒಂದು ಹೆಜ್ಜೆ ಹಿಂದೆ ಸರಿದ. ರಕ್ತವೇ ಎಂದು ಕೇಳಿದ. ಕುಂಕುಮ ಎಂದೆ. ಯಾಕೆ ಎಂದ. ಎಂಜಿನ್ನಿಗೆ ಪೂಜೆ ಮಾಡುತ್ತೇವೆ ಎಂದೆ. ಅವನು ಪಕ್ಕದ ಮೇಜಿನವನನ್ನು ಕರೆದ, ಅವನು ಮತ್ತೊಬ್ಬನನ್ನು ಕರೆದ. ನನ್ನ ಹಿಂದಿನ ಸಾಲು ಬಂದರಿನ ಬಾಗಿಲಿನತನಕ ಬೆಳೆಯಿತು. ನಾನು ಖಂಡೇಪೂಜೆಯ ವಿಧಾನವನ್ನೆಲ್ಲ ನಿಂಬೆಹಣ್ಣಿನಿಂದ ಕಾಯಿಯವರೆಗೆ ವಿವರಿಸಿದೆ.

"ನಮ್ಮಲ್ಲೂ ಇದನ್ನು ಮಾಡಿದ್ದರೆ ಗಾಡಿಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವೋ ಏನೋ," ಎಂದ ವಯಸ್ಸಾದವನು.

"ಬರುವುದಿಲ್ಲ. ನಾವು ಮಾಡಿ ನೋಡಿದ್ದೇವೆ," ಎಂದೆ.

ಇಂಗ್ಲಿಷರು ನಗುವುದಿಲ್ಲ ಎಂದು ವಿಲಾಯತಿಗೆ ಹೋಗಿ ಬಂದವರು ಹೇಳುವುದು ಸುಳ್ಳು. ನಗುತ್ತಾರೆ, ಆದರೆ ಸದ್ದನ್ನು ಮೂಗಿನೊಳಗೇ ಇಟ್ಟುಕೊಳ್ಳುತ್ತಾರೆ.

ಚರ್ಚಾಸ್ಪರ್ಧೆ ನಡೆಯಿತು. ಅದರ ವಿವರವೂ ಬೇಡ. ನಾನು ಸೋತೆ.

ಇಳಿಯಲಾಗದ ಊರು

ಸ್ಪರ್ಧೆ ಮುಗಿದ ಮರುದಿನ ಕೌದಿಯ ಗಂಟನ್ನು ಎತ್ತಿಕೊಂಡು ರೈಲಿನ ಊರಿಗೆ ಹೊರಟೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ರೈಲಿನಲ್ಲಿ ಬರುವಾಗ ಉಣಕಲ್ಲಿಗೆ ಮೊದಲು ನಿಮ್ಮ ಊರು, ಅಡ್ಡಹೆಸರು ಎಲ್ಲ ಎದುರಿನವರಿಗೆ ಗೊತ್ತಾಗಿರುತ್ತದೆ. ನವಲೂರು ದಾಟುವುದರೊಳಗೆ ನಿಮಗೊಂದು ವರ ನೋಡಿರುತ್ತಾರೆ. ಇಲ್ಲಿ ನನ್ನ ಎದುರು ಕೂತ ದೊಡ್ಡ ಮನುಷ್ಯರೊಬ್ಬರು ಒಂದು ಗಂಟೆ ಪೂರ್ತಿ ಪತ್ರಿಕೆಯ ಹಿಂದೆ ಇದ್ದರು. ಅವರ ಮೊಣಕಾಲುಗಳ ಪರಿಚಯ ಮಾತ್ರ ನನಗಾಯಿತು.

ಊರು ಬಂತು. ಎದ್ದೆ. ಬಾಗಿಲಿಗೆ ಹಿಡಿಕೆ ಇಲ್ಲ! ನೂಕಿದೆ, ಎಳೆದೆ, ಭುಜ ಕೊಟ್ಟೆ. ತಡಕಿದೆ, ಮೇಲೆ ಕೆಳಗೆ ಎಲ್ಲ. ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಜನ ಆರಾಮಾಗಿ ಇಳಿದು ಹೋಗುತ್ತಿದ್ದಾರೆ. ಜಗತ್ತಿನ ಮೊದಲ ರೈಲಿನ ಊರಿನಲ್ಲಿ, ರೈಲ್ವೆ ಫಿಟ್ಟರನ ಮಗಳಂಥವಳು, ರೈಲಿನಿಂದ ಇಳಿಯಲು ಗೊತ್ತಾಗದೆ ನಿಂತೆ. ಸೀಟಿ ಕೇಳಿತು, ಗಾಡಿ ಹೊರಟಿತು, ಊರು ಹಿಂದೆ ಸರಿಯಿತು.

ಆಗ ಪತ್ರಿಕೆ ಕೆಳಗಿಳಿಯಿತು. "ಕ್ಷಮಿಸಿ. ತಾವು ಇಲ್ಲಿ ಇಳಿಯಬೇಕಿತ್ತೇ?"

ಅವರೇ ತೋರಿಸಿಕೊಟ್ಟರು. ಚರ್ಮದ ಪಟ್ಟಿ ಸಡಿಲಿಸಿ ಕಿಟಕಿ ಕೆಳಗಿಳಿಸಬೇಕು, ಕೈಯನ್ನು ಹೊರಗೆ ಹಾಕಬೇಕು, ಹೊರಗಿನ ಹಿಡಿಕೆ ತಿರುಗಿಸಬೇಕು.

"ಹಿಡಿಕೆಯನ್ನು ಒಳಗೆ ಯಾಕೆ ಇಟ್ಟಿಲ್ಲ?" ಎಂದು ಕೇಳಿದೆ.

"ಒಳಗಿದ್ದರೆ ಜನ ಬಾಗಿಲು ತೆಗೆದುಬಿಡುತ್ತಾರೆ," ಎಂದರು, ತೀರ ಗಂಭೀರವಾಗಿ.

ಮುಂದಿನ ಊರಿನಲ್ಲಿ ಅವರೇ ಬಾಗಿಲು ತೆರೆದು ಇಳಿಸಿದರು. ಬಸ್ಸಿನಲ್ಲಿ ಹಿಂದಕ್ಕೆ ಬಂದೆ. ಆ ಊರಿನ ನಿಲ್ದಾಣದ ಗೋಡೆಗೆ ಒಂದು ಕಾಗದ ಅಂಟಿಸಿದ್ದರು: ಪ್ರಯಾಣಿಕರು ಕಡಿಮೆಯಾದ ಕಾರಣ ಈ ನಿಲ್ದಾಣವನ್ನು ಮುಚ್ಚುವ ಆಲೋಚನೆಯಿದೆ, ತಕರಾರು ಇದ್ದವರು ಬರೆದು ತಿಳಿಸಬೇಕು. ತೊಟ್ಟಿಲಿನಲ್ಲೇ ತಿಥಿ. ನನ್ನಂಥವರು ಇಳಿಯಲಾಗದೆ ಮುಂದಕ್ಕೆ ಹೋದದ್ದನ್ನೂ ಪ್ರಯಾಣಿಕರ ಕೊರತೆ ಎಂದೇ ಲೆಕ್ಕ ಹಿಡಿದಿರಬಹುದು ಎಂದು ನನ್ನ ಗುಮಾನಿ.

ಮಿಸೆಸ್ ಹಾಬ್ಸನ್ನರ ಮನೆ

ಉಳಿದುಕೊಂಡದ್ದು ಹಾಬ್ಸನ್ ಎಂಬ ವಿಧವೆಯ ಮನೆಯಲ್ಲಿ. ಒಂದು ಖೋಲಿಯನ್ನು ಪರವೂರಿನವರಿಗೆ ಕೊಡುತ್ತಿದ್ದಳು. ಎಪ್ಪತ್ತು ದಾಟಿದ, ಬಡಕಲು, ಗಾಳಿಪಟದಂತೆ ಓಡಾಡುವ ಹೆಂಗಸು. ಆಕೆಯ ಇಂಗ್ಲಿಷ್ ನನಗೆ ಮೊದಲ ಅರ್ಧ ದಿನ ತಿಳಿಯಲೇ ಇಲ್ಲ. ಲಂಡನ್ನಿನವರು ಉತ್ತರದವರ ಮಾತಿಗೆ ನಗುತ್ತಾರಂತೆ, ಬೆಂಗಳೂರಿನವರು ನಮ್ಮ ಮಾತಿಗೆ ನಕ್ಕಂತೆ. ಹಾಗಾಗಿ ಆಕೆ ಆಡಿದ್ದನ್ನು ನಾನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ಗ್ರಂಥಸ್ಥ ಕನ್ನಡಕ್ಕೆ ಹಾಕಿದರೆ ಆಕೆಗೆ ಅಪಮಾನ.

ಒಳಗೆ ಕಾಲಿಟ್ಟೆ. ಬೆಂಕಿಗೂಡಿನ ಮೇಲೆ ಕಣ್ಣು ಹೋಯಿತು. ಅದೇ ಚಿತ್ರ! ಅದೇ ಕುಳ್ಳ ಎಂಜಿನ್, ಅದೇ ಕುದುರೆ. ಗಾಜು ಥಳಥಳ. ನಾನು ಚಪ್ಪಲಿಯನ್ನೂ ಬಿಡದೆ (ಅಲ್ಲಿ ಬಿಡುವುದೂ ಇಲ್ಲ) ಹತ್ತಿರ ಹೋಗಿ ಮೂರನೇ ಡಬ್ಬಿಯ ಪಕ್ಕ ನೋಡಿದೆ.

ಅಲ್ಲಿ ಒಬ್ಬ ನಿಂತಿದ್ದ. ಅದೇ ನಿಲುವು, ಅದೇ ಕೈ. ತಲೆಯ ಮೇಲೆ ಕರಿ ಟೊಪ್ಪಿಗೆ.

ಗೆದ್ದೆ ಎಂದುಕೊಂಡೆ. ಆ ಸ್ಪರ್ಧೆಯಲ್ಲಿ ಸೋತದ್ದೆಲ್ಲ ಮರೆತುಹೋಯಿತು. ಅಷ್ಟರಲ್ಲಿ ಹಿಂದಿನಿಂದ ಮಿಸೆಸ್ ಹಾಬ್ಸನ್ ಅಂದಳು:

"ಅವನ್ನ ಗುರುತ ಹಿಡದ್ಯಾ? ಅಂವ ನಮ್ಮ ಮುತ್ಯಾ."

"ಯಾರು?"

"ಅಂವ, ಮೂರನೇ ಡಬ್ಬೀ ಬಾಜೂಕ. ನಮ್ಮಪ್ಪನ ಅಜ್ಜ."

ನಾನು ಕೌದಿ ಬಿಚ್ಚಿ ನಮ್ಮ ಚಿತ್ರವನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿದೆ. ಆಕೆ ಕನ್ನಡಕ ಏರಿಸಿ ನೋಡಿದಳು. ರುಮಾಲು, ಕುಂಕುಮ, ಹಳದಿ.

"ಇಂವಗ ನೀವು ಏನಾಗಬೇಕು?"

"ಇಂವ ನಮ್ಮ ಮುತ್ಯಾ."

"ಹಂಗಾರ ನಾವು ನೀವು ಬಳಗ ಆದ್ವಿ," ಎಂದು ಆಕೆ ಕೆಟಲ್ ಒಲೆಯ ಮೇಲಿಟ್ಟಳು. ಆ ಸಂಜೆ ಪಕ್ಕದ ಮನೆಯ ಇಬ್ಬರನ್ನು ಕರೆದು, "ಈಕಿ ನಮ್ಮ ಕಾಕಾನ ಕಡಿಯಾಕಿ, ಇಂಡಿಯಾದಾಗ ಇರತಾಳ," ಎಂದು ನನ್ನನ್ನು ಪರಿಚಯಿಸಿದಳು. ಅವರೂ ಪ್ರತಿಯಾಗಿ ಎರಡನೇ ಡಬ್ಬಿಯಲ್ಲಿ ಕೂತ ತಮ್ಮ ಮುತ್ತಜ್ಜಿಯನ್ನು ತೋರಿಸಿದರು. ಕುದುರೆ ಸವಾರನಿಗಾಗಿಯಂತೂ ಆ ಬೀದಿಯಲ್ಲೇ ಎರಡು ಮನೆತನಗಳ ನಡುವೆ ವ್ಯಾಜ್ಯವಿದೆಯಂತೆ. ಆ ಎರಡು ಮನೆಗಳ ನಡುವೆ ಮಾತಿಲ್ಲ.

ವಸ್ತುಸಂಗ್ರಹಾಲಯ

ಊರಿನ ಸಣ್ಣ ಸಂಗ್ರಹಾಲಯದ ಮೇಲ್ವಿಚಾರಕನಿಗೆ ಚಿತ್ರ ತೋರಿಸಿದೆ. ಸೈಕಲ್ ಹೊಡೆಯುವಾಗ ಪ್ಯಾಂಟಿನ ಕಾಲಿಗೆ ಹಾಕುವ ಕ್ಲಿಪ್ಪನ್ನು ದಿನವಿಡೀ ತೆಗೆಯದೆ ಓಡಾಡುವ ಮನುಷ್ಯ. ರುಮಾಲಿನ ಮೇಲೆ ಬೆರಳಿಟ್ಟು, "ಇದು ಯಾವ ವಸ್ತು?" ಎಂದ.

"ಭಕ್ತಿ," ಎಂದೆ. "ಮೇಲೆ ಸ್ವಲ್ಪ ಅರಿಸಿನ."

ಅವನು ಹತ್ತಿಯ ಉಂಡೆಗೆ ಏನೋ ಹನಿಸಿ, ಭೂತಗನ್ನಡಿ ಹಿಡಿದು, ರುಮಾಲಿನ ಒಂದು ಮೂಲೆಯನ್ನು ಒರೆಸಿದ. ಅರಿಸಿನ ಹೋಯಿತು, ಕುಂಕುಮ ಹೋಯಿತು. ಅದರ ಕೆಳಗೆ ಕರಿ ಟೊಪ್ಪಿಗೆ ಕಾಣುತ್ತದೆಂದು ನಾನು ಕಾದೆ. ಟೊಪ್ಪಿಗೆ ಇತ್ತು. ಆದರೆ ಅದಕ್ಕೂ ಕುಂಕುಮಕ್ಕೂ ನಡುವೆ ಇನ್ನೊಂದು ಇತ್ತು: ನೀಲಿಗಪ್ಪು ಮಸಿಯ ಗೆರೆಗಳು. ರುಮಾಲಿನ ಸುತ್ತುಗಳನ್ನು ಯಾರೋ ಸಣ್ಣ ನಿಬ್ಬಿನಿಂದ ಬರೆದಿದ್ದರು. ಓರೆಯಾಗಿ, ಒಂದಕ್ಕೊಂದು ಅಂಟದೆ, ಒಂದೇ ಅಂತರದಲ್ಲಿ.

"ಮೂಲ ಚಿತ್ರಕಾರನ ಕೈಯಲ್ಲ ಇದು," ಎಂದ ಅವನು. "ಆದರೆ ಅಳತೆ ಗೊತ್ತಿದ್ದವನ ಕೈ."

ನಾನು ಭೂತಗನ್ನಡಿ ಇಸಿದುಕೊಂಡು ನೋಡಿದೆ. ಮ್ಯಾಟ್ರಿಕ್ಕಿನಲ್ಲಿ ನನಗೆ ಚಿತ್ರಕಲೆ ಬರುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂದೆ ನೆರಳು ಹಾಕುವುದನ್ನು ನನಗೆ ಕಲಿಸಿಕೊಟ್ಟದ್ದು ಕಾಕಾ. "ಗೆರಿ ಗೆರಿ ನಡುವ ಒಂದ ಅಂತರ ಇರಬೇಕ, ಸುಮಿ. ಕೂಡಿದ್ರ ಹೊಲಸು." ಈ ಗೆರೆಗಳನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ.

ಅಂದರೆ ವಿಷಯ ಹೀಗೆ. ಕುಂಕುಮ ಹತ್ತಿಹತ್ತಿ ರುಮಾಲು ಆದದ್ದಲ್ಲ. ರುಮಾಲು ಬರೆದವರು ಕಾಕಾ. ಬರೆದ ರುಮಾಲಿಗೆ ಕುಂಕುಮ ಹಚ್ಚಿದವರು ಕಾಕಾ. ಕುಂಕುಮ ಹಚ್ಚಿದ್ದಕ್ಕೆ ಕೈ ಮುಗಿದವರು ಕಾಕಾ. ಅಪ್ಪನ ಕುದುರೆ, ಅತ್ತೆಯ ಅಡಿಗೆ ಎಲ್ಲ ಆ ಮೇಲೆ ಹುಟ್ಟಿದ್ದು. ತಾನೇ ಮಾಡಿದ ದೇವರಿಗೆ ತಾನೇ ಕೈ ಮುಗಿಯುವುದು ಲೋಕದಲ್ಲಿ ಹೊಸದಲ್ಲ, ಆದರೆ ನಮ್ಮ ಮನೆಯಲ್ಲಿ ಅದು ಇಷ್ಟು ಲಗೂ, ಒಂದೇ ತಲೆಮಾರಿನಲ್ಲಿ, ಆಗಿದ್ದು ನನಗೆ ಗೊತ್ತಿರಲಿಲ್ಲ.

ಮೇಲ್ವಿಚಾರಕನಿಗೆ ಕಾಕಾನ ಹೆಸರು ಹೇಳಲಿಲ್ಲ. ರುಮಾಲಿನವ ನಮ್ಮ ಹಿರಿಯನೆಂದು ಮನೆಯಲ್ಲಿ ಹೇಳುತ್ತಾರೆ, ಆ ರೈಲು ನೋಡಲು ಬಂದವರ ಪಟ್ಟಿ ಏನಾದರೂ ಇದೆಯೇ ಎಂದು ಕೇಳಿದೆ. ಅವನು ಒಂದು ಡ್ರಾವರ್ ಎಳೆದ. ಕಾಗದಗಳಿಂದ ತುಂಬಿತ್ತು.

"ಇವೆಲ್ಲ ಚಿತ್ರದಲ್ಲಿ ತಮ್ಮ ಹಿರಿಯರಿದ್ದಾರೆ ಎಂದು ಬಂದ ಪತ್ರಗಳು. ನಿಮ್ಮದು ಮಾತ್ರ ಸಮುದ್ರ ದಾಟಿ ಬಂದದ್ದು."

"ಇಷ್ಟು ಜನ ಚಿತ್ರದಲ್ಲಿ ಹಿಡಿಸುವುದಿಲ್ಲ."

"ಇಲ್ಲ. ಅಷ್ಟೇ ಅಲ್ಲ, ಈ ಚಿತ್ರ ಮಾಡಿದ್ದು ರೈಲು ಓಡಿ ಎಷ್ಟೋ ಕಾಲವಾದ ಮೇಲೆ, ನೆನಪಿನ ಸಮಾರಂಭಕ್ಕೆಂದು. ಮಾಡಿದವನು ಆ ದಿನ ಹುಟ್ಟಿರಲೂ ಇಲ್ಲ. ಜನರನ್ನೆಲ್ಲ ಒಂದು ಕುದುರೆ ಜೂಜಿನ ಚಿತ್ರದಿಂದ ಎತ್ತಿಕೊಂಡಿದ್ದಾನೆ."

"ಹಾಗಿದ್ದರೆ ಈ ಪತ್ರಗಳಿಗೆ ಏನು ಉತ್ತರ ಬರೆಯುತ್ತೀರಿ?"

ಅವನು ಕೂತು, ಟೈಪು ಹೊಡೆದು, ಸಂಗ್ರಹಾಲಯದ ಮೊಹರು ಒತ್ತಿ ನನ್ನ ಕೈಗೆ ಕೊಟ್ಟ. ಎಲ್ಲರಿಗೂ ಇದೇ ಉತ್ತರವಂತೆ: 'ಚಿತ್ರದಲ್ಲಿರುವ ಆ ವ್ಯಕ್ತಿ ತಮ್ಮ ಹಿರಿಯರಲ್ಲ ಎಂದು ಹೇಳಲು ನಮ್ಮಲ್ಲಿ ಯಾವ ಆಧಾರವೂ ಇಲ್ಲ.'

ಒಂದು ಸಾಲಿನಲ್ಲಿ ಒಂದೂ ಸುಳ್ಳಿಲ್ಲದೆ ಒಂದೂ ನಿಜವಿಲ್ಲದಂತೆ ಬರೆಯುವ ಈ ವಿದ್ಯೆಗೆ ನಾನು ಮನಸಾರೆ ತಲೆಬಾಗಿದೆ. ಇಷ್ಟು ದೊಡ್ಡ ಸಾಮ್ರಾಜ್ಯವನ್ನು ಹೇಗೆ ನಡೆಸಿದರೆಂದು ಅಲ್ಲಿ ತಿಳಿಯಿತು.

ಮತ್ತೆ ಮಿಸೆಸ್ ಹಾಬ್ಸನ್ನರ ಮನೆ

ಆ ರಾತ್ರಿ ಊಟದ ಮೇಜಿನಲ್ಲಿ ನಾನೊಂದು ತಪ್ಪು ಮಾಡಿದೆ. ಸಂಗ್ರಹಾಲಯದಲ್ಲಿ ತಿಳಿದದ್ದನ್ನೆಲ್ಲ ಚರ್ಚಾಕೂಟದಲ್ಲಿ ಮಂಡಿಸುವ ಹಾಗೆ ಒಂದು, ಎರಡು, ಮೂರು ಎಂದು ಎಣಿಸಿ ಹೇಳಿದೆ. ಚಿತ್ರ ಯಾವಾಗಿನದು, ಮಾಡಿದವನು ಯಾರು, ಜನ ಎಲ್ಲಿಂದ ಬಂದವರು. "ಆದ್ದರಿಂದ," ಎಂದು ಕೊನೆ ಮಾಡಿದೆ, "ಆತ ನಿಮ್ಮವನೂ ಅಲ್ಲ, ನಮ್ಮವನೂ ಅಲ್ಲ. ಆತ ಯಾರೂ ಅಲ್ಲ."

ಮಿಸೆಸ್ ಹಾಬ್ಸನ್ ಬಟಾಟೆಯ ಪಾತ್ರೆಯನ್ನು ನನ್ನ ಕಡೆ ಸರಿಸಿ, ಇನ್ನಷ್ಟು ಬೇಕೇ ಎಂದು ಅತಿ ಮರ್ಯಾದೆಯಿಂದ ಕೇಳಿದಳು. ನಮ್ಮಲ್ಲಿ ಹೆಂಗಸರಿಗೆ ಸಿಟ್ಟು ಬಂದರೆ ಅಡಿಗೆಮನೆಯ ಪಾತ್ರೆಗಳು ಮಾತಾಡುತ್ತವೆ. ಇಲ್ಲಿ ಮರ್ಯಾದೆ ಹೆಚ್ಚಾಗುತ್ತದೆ. ಆ ರಾತ್ರಿ ಆಕೆ ನನ್ನನ್ನು 'ಮಿಸ್' ಎಂದು ನಾಲ್ಕು ಸಲ ಕರೆದಳು. ನಾನು ಬಳಗದಿಂದ ಹೊರಬಿದ್ದಿದ್ದೆ.

ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಆಕೆ ತಾನಾಗಿಯೇ ಬಾಯಿ ಬಿಟ್ಟಳು. ಬೆಂಕಿಗೂಡಿನ ಎದುರು ನಿಂತು, ನನ್ನ ಮುಖ ನೋಡದೆ:

"ನಮಗ ಗೊತ್ತೈತಿ."

"ಏನು?"

"ಅಂವ ಅವತ್ತ ಅಲ್ಲಿ ಇರಲಿಲ್ಲ ಅಂತ. ಅಂವ ಕಲ್ಲಿದ್ದಲ ಗಣಿಯಾಗ ಇದ್ದ. ಆ ಎಂಜಿನ್ನಿಗೆ ಹಾಕೂ ಕಲ್ಲಿದ್ದಲಾ ತೆಗಿಯಾಕ. ಊರಿಗೆ ಊರ ನೋಡಾಕ ಹೋತು, ಅವನ ಪಾಳಿಯವರಿಗೆ ರಜಾ ಕೊಡಲಿಲ್ಲ. ಸಾಯೂತನಕಾ ಅದನ್ನ ಅಂದಕೋತ ಸತ್ತನಂತ."

"ಹಾಗಿದ್ದರೆ ಯಾಕೆ..."

"ಅದಕ್ಕs ನಮ್ಮಪ್ಪ ಅವನ್ನ ಅಲ್ಲಿ ನಿಂದರಿಸಿದ," ಎಂದಳು. "ಛಲೋ ಜಾಗಾ ಐತಿ. ಎಲ್ಲಾ ಕಾಣಸತೈತಿ ಅಲ್ಲಿಂದ."

ನನ್ನ ಹತ್ತಿರ ಖಂಡನೆ ಸಿದ್ಧವಿತ್ತು. ಒಂದಲ್ಲ, ಎರಡು. ಅವನ್ನೂ ಗಂಟಿನ ಜೊತೆ ಎತ್ತಿಕೊಂಡೆ. ಆಕೆ ನಿಲ್ದಾಣದತನಕ ಬಂದು, ರೈಲಿನ ಕಿಟಕಿ ಇಳಿಸಿ, ಹೊರಗಿನ ಹಿಡಿಕೆ ತಿರುಗಿಸುವುದನ್ನು ನನ್ನಿಂದ ಎರಡು ಸಲ ಮಾಡಿಸಿ ನೋಡಿದ ಮೇಲೆಯೇ ಕೈ ಬೀಸಿದಳು.

ಗೋಪನಕೊಪ್ಪ, ತಿರುಗಿ ಬಂದ ಮೇಲೆ

ನಾನು ಬಂದ ಸುದ್ದಿ ಕೇಳಿ ಬಾಪೂರಾಯರು ಪುಸ್ತಕದ ಕರಡು ಹಾಳೆಗಳನ್ನೆಲ್ಲ ಹೊತ್ತು ಕಾಕಾನ ಪಡಸಾಲೆಗೆ ಬಂದರು. ಹಾಳೆಗಳು ಜಮಖಾನದ ತುಂಬ ಹರಡಿದವು. ವರ್ಕ್‌ಶಾಪಿನ ಹಳೆಯ ಫೋಟೋಗಳು. ಸಾಹೇಬರು, ಸಾಹೇಬರ ನಾಯಿ, ಹೊಸ ಎಂಜಿನ್, ಹಾರ ಹಾಕಿಕೊಂಡ ಫೋರ್ಮನ್ನರು. ಬಾಪೂರಾಯರು ನಾಲ್ಕು ಫೋಟೋಗಳಲ್ಲಿದ್ದರು. ನಾನು ಹುಡುಕಿ ಹುಡುಕಿ ಕೇಳಿದೆ:

"ಕಾಕಾ, ನೀವು ಯಾವುದರಾಗ ಅದೀರಿ?"

"ಒಂದರಾಗೂ ಇಲ್ಲ," ಎಂದರು ಕಾಕಾ ಸಹಜವಾಗಿ. "ಫೋಟೋ ತಗಿಯೂ ಮುಂದ ಎಂಜಿನ್ನಿನ ಬುಡಕ ಯಾರರೆ ಇರಬೇಕಲ್ಲಾ."

"ಅದಿರಲಿ, ಪತ್ರಾ ಎಲ್ಲೈತಿ? ತಂದಿಯೋ ಇಲ್ಲೋ?" ಎಂದರು ಬಾಪೂರಾಯರು.

ಇಲ್ಲಿ ನಾನು ಓದುಗರ ಎದುರು ತಪ್ಪೊಪ್ಪಿಗೆ ಮಾಡಬೇಕು. ತಿಳಿದದ್ದನ್ನೆಲ್ಲ ಹೇಳುತ್ತೇನೆಂದು ಹೋಗುವಾಗ ಜಂಬದಿಂದ ಮಾತು ಕೊಟ್ಟವಳು ನಾನು. ಮೊಹರು ಒತ್ತಿದ ಪತ್ರವನ್ನು ತೆಗೆದುಕೊಟ್ಟೆ. ಉಳಿದದ್ದನ್ನು ಬಾಯೊಳಗೇ ಇಟ್ಟುಕೊಂಡೆ. ಸುಳ್ಳು ಹೇಳಲಿಲ್ಲ ಎಂದು ವಾದಿಸಬಹುದು. ನಾನೇ ತೀರ್ಪುಗಾರಳಾಗಿದ್ದರೆ ಆ ವಾದಕ್ಕೆ ಸೊನ್ನೆ ಕೊಡುತ್ತಿದ್ದೆ.

ಬಾಪೂರಾಯರು ಪತ್ರವನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು. ಎರಡು 'ಇಲ್ಲ'ಗಳನ್ನು ಕೂಡಿಸಿ ಕಳೆದು, ಬಹಳ ಕಷ್ಟಪಟ್ಟು, ಅದು 'ಹೌದು' ಎಂಬ ಕಡೆಗೆ ವಾಲುತ್ತದೆಂದು ನಿರ್ಧರಿಸಿದರು. ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಪತ್ರವನ್ನು ಮಡಚಿ ಕಾಕಾನ ಮುಂದಿಟ್ಟರು.

"ಆತಪಾ. ವಿಲಾಯತಿಯವರs ಸಿಕ್ಕಾ ಹೊಡದ್ರು ಅಂದ್ರ ಇನ್ನ ನಾ ಯಾಂವ? ನಿಂದ ಗೆದ್ದೀತು. ನೀ ಬರದ ಸಾಲ ಹಂಗs ಹಾಕಸ್ತೇನಿ. ಛಾಪಖಾನಿಯಾಂವ ಕಾಯಾಕತ್ತಾನ, ಹೂಂ ಅನ್ನು."

ಜೀವಮಾನದಲ್ಲಿ ಮೊದಲ ಸಲ ಬಾಪೂರಾಯರು ಕಾಕಾನ ಅಪ್ಪಣೆಗಾಗಿ ಕಾದು ಕೂತಿದ್ದರು. ಕಾಕಾನ ಹೆಂಡತಿ ಕಾಕು ಒಳಗಿನಿಂದ ಬಾಗಿಲಿಗೆ ಬಂದು ನಿಂತಳು. ಎಲ್ಲರೂ ಕಾಕಾನ ಮುಖ ನೋಡಿದರು.

ಕಾಕಾ ಪತ್ರವನ್ನು ನೋಡುತ್ತಿರಲಿಲ್ಲ. ನಾನು ಆಗಷ್ಟೇ ಕೌದಿಯಿಂದ ತೆಗೆದು ಗೋಡೆಗೆ ಒರಗಿಸಿದ ಚಿತ್ರವನ್ನು ನೋಡುತ್ತಿದ್ದರು. ಒರೆಸಿದ ಆ ಒಂದು ಮೂಲೆ, ಅಲ್ಲಿ ಬಯಲಾದ ನಾಲ್ಕಾರು ನೀಲಿ ಗೆರೆಗಳು. ಬಾಪೂರಾಯರ ಕಣ್ಣಿಗೆ ಅವು ಬೀಳುವಂತಿರಲಿಲ್ಲ. ಕಾಕಾ ಅವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಾಳೆ ಹೇಳತೇನ್ರಿ," ಎಂದರು.

"ನಾಳೆ? ಮೂರ ತಿಂಗಳಿಂದ ನನ್ನ ಜೀಂವಾ ತಿಂದಿ, ಇವತ್ತ ಹೂಂ ಅನ್ನಾಕ ನಿನಗ ನಾಳೆ ಬೇಕೇನು?"

"ನಾಳೆ ಹೇಳತೇನ್ರಿ ಬಾಪೂರಾಯರ. ಒಂದ ದಿನಾ ತಡೀರಿ."

ಬಾಪೂರಾಯರು ಗೊಣಗುತ್ತ ಹಾಳೆಗಳನ್ನು ಸುತ್ತಿಕೊಂಡು ಹೋದರು. ಗೆದ್ದವರಿಗಿಂತ ಸೋತವರೇ ಅವಸರ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಕಾಕು ಏನೂ ತಿಳಿಯದೆ ಒಳಗೆ ಹೋದಳು. ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಕಾಕಾ ಎದ್ದು ಹೋಗಿ ಚಿತ್ರದ ಎದುರು ಕುಕ್ಕರಗಾಲಿನಲ್ಲಿ ಕೂತರು. ಬೆನ್ನು ನನ್ನ ಕಡೆಗಿತ್ತು.

"ಕಾಕಾ," ಎಂದೆ, "ರುಮಾಲಿನ ಗೆರಿ ಯಾರವು ಅಂತ ನಾ ಯಾರ ಮುಂದೂ ಅಂದಿಲ್ಲರಿ. ಅನ್ನೂದೂ ಇಲ್ಲ. ನಾಳೆ ನೀವು ಹೂಂ ಅಂದ್ರೂ ಆತು, ಬ್ಯಾಡ ಅಂದ್ರೂ ಆತು. ನನಗ ಒಂದ ತಿಳೀವಲ್ದು. ನೀವು ಹೇಳಿದ್ದಕ್ಕೆಲ್ಲಾ ಹೌದು ಅನ್ನೂ ಮಂದಿ ಮನಿ ತುಂಬ ಇದ್ರು. ಅವರ ಕಡಿಂದ ಒಂದ ಕಾಗದಾ ಬರಸಿ ಟಪಾಲಿಗೆ ಹಾಕಿದ್ರ ಇದs ಪತ್ರಾ ಬರತಿತ್ತು. ಚಿತ್ರಾ ಗ್ವಾಡಿ ಬಿಟ್ಟ ಇಳಿಯೂದ ಬೇಕಾಗಿರಲಿಲ್ಲ. ಅದನ್ನೆಲ್ಲಾ ಬಿಟ್ಟು, ನಿಮ್ಮ ಗೆರಿ ಗುರುತಿದ್ದಾಕಿ, ನಿಮ್ಮನ್ನ ನಂಬಲಾರದಾಕಿ ಇಡೀ ಮನ್ಯಾಗ ನಾ ಒಬ್ಬಾಕಿ ಇದ್ದೆ. ನನ್ನ ಕೈಯಾಗs ಯಾಕ ಕೊಟ್ಟ ಕಳಿಸಿದ್ರಿ?"